ಸತ್ಯಾಂಶ: ಕ್ಯಾಂಪರ್ ವ್ಯಾನಿನ ಹಿಂದೆ ಬೈಕ್

"ಬೈಕ್ ಅಂದ್ರೆ ಮೂರು ಜನರ ತೂಕ ಅಷ್ಟೇ. ವ್ಯಾನಿನ ಹಿಂದೆ ರ್‍ಯಾಕ್ ಹಾಕಿ, ಹಗ್ಗ ಕಟ್ಟಿ, ಆರಾಮಾಗಿ ಘಾಟಿ ಹತ್ತಿ." ಕ್ಯಾಂಪರ್ ವ್ಯಾನ್ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಪ್ರವಾಸ ಹೋಗುವ ವ್ಯಾನ್) ಬಗ್ಗೆ ಮಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಈ ಮಾತನ್ನು ದಯವಿಟ್ಟು ನಂಬಬೇಡಿ.

ತೂಕ ಎಷ್ಟು ಅನ್ನುವಷ್ಟೇ ಅದು ಎಲ್ಲಿದೆ ಅನ್ನುವುದೂ ಮುಖ್ಯ. ಜನ ಕೂರುವುದು ಹೆಚ್ಚಾಗಿ ಚಕ್ರಗಳ ನಡುವೆ. ಬೈಕ್ ನಿಲ್ಲುವುದು ಹಿಂದಿನ ಚಕ್ರಗಳ ಅಚ್ಚು, ಅಂದರೆ ಆಕ್ಸಲ್‌ನಿಂದ ಆಚೆ. ಲೆಕ್ಕ ಹಾಕಿ ನೋಡಿ. ಕ್ಲಾಸಿಕ್ 350 ಬೈಕ್ 195 ಕೆಜಿ. ರ್‍ಯಾಕ್ 45 ಅಂತಿಟ್ಟುಕೊಂಡರೆ ಒಟ್ಟು 240. ವ್ಯಾನಿನ ಎರಡು ಆಕ್ಸಲ್‌ಗಳ ಅಂತರ 3.6 ಮೀಟರ್, ಬೈಕ್ ಹಿಂದಿನ ಆಕ್ಸಲ್‌ನಿಂದ 2.25 ಮೀಟರ್ ಹಿಂದೆ ಇದ್ದರೆ, ಸೀಸಾ ಹಲಗೆಯ ಹಾಗೆ ಹಿಂಭಾಗ ಒತ್ತಿ, ಮುಂದಿನ ಚಕ್ರಗಳ ಮೇಲಿನ ಭಾರ 150 ಕೆಜಿ ಇಳಿಯುತ್ತದೆ. ಆ 150 ಕೂಡ ಸೇರಿ ಹಿಂದಿನ ಆಕ್ಸಲ್ ಮೇಲೆ 390 ಕೆಜಿ ಜಾಸ್ತಿ ಬೀಳುತ್ತದೆ! ಶಿರಾಡಿ ಘಾಟಿಯ ಏರಿನಲ್ಲಿ ಮುಂಭಾಗ ಇನ್ನೂ ಹಗುರ. ಮಳೆಗಾಲದ ಒದ್ದೆ ರಸ್ತೆಯಲ್ಲಿ ಸ್ಟೀರಿಂಗ್ ತಿರುಗಿಸಿದರೂ ಟಯರಿಗೆ ಹಿಡಿತ ಸಿಗಬೇಕಲ್ವಾ?

ಹಾಗಾಗಿ ನೀರಿನ ಟ್ಯಾಂಕ್, ಸಾಮಾನು, ಜನ ಎಲ್ಲ ಸೇರಿಸಿ ವೇಬ್ರಿಡ್ಜ್‌ನಲ್ಲಿ ಎರಡೂ ಆಕ್ಸಲ್‌ಗಳನ್ನು ಬೇರೆ ಬೇರೆಯಾಗಿ ತೂಗಿಸಿ. ರ್‍ಯಾಕ್ ಬಂಪರಿಗಲ್ಲ, ವ್ಯಾನಿನ ಮುಖ್ಯ ಚೌಕಟ್ಟಾದ ಚಾಸಿಸ್‌ಗೆ ಕೂರಬೇಕು.

ಹಗ್ಗ ಸಾಲದು. ನಾಲ್ಕು ರ್‍ಯಾಚೆಟ್ ಬೆಲ್ಟ್ (ಹಿಡಿ ಎಳೆದು ಬಿಗಿ ಮಾಡುವ ಪಟ್ಟಿ) ಬೇಕು. ಮುಂದಿನ ಫೋರ್ಕ್ ಸ್ವಲ್ಪ ಕುಗ್ಗುವಷ್ಟು ಬಿಗಿಯಿರಿ, ಸೈಡ್ ಸ್ಟ್ಯಾಂಡ್ ಮಡಚಿರಲಿ. ಘಾಟಿಗೆ ಮೊದಲು ಸಿಗುವ ಊರು ಬಿ.ಸಿ. ರೋಡ್‌ನಲ್ಲಿ ನಿಲ್ಲಿಸಿ ಮತ್ತೊಮ್ಮೆ ಬಿಗಿ ಮಾಡಿ. ಬೆಲ್ಟ್ ಸಡಿಲಾಗುವುದು ಸಾಮಾನ್ಯ.

ಟೇಲ್ ಲೈಟ್, ನಂಬರ್ ಪ್ಲೇಟ್ ಮುಚ್ಚಿಹೋಗಬಾರದು. ಮಿತಿ ಮೀರಿ ಹೊರಚಾಚಿದ ಸರಕಿಗೆ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡವಿದೆ.

ತೂಗಿಸಿದಾಗ ವ್ಯಾನಿನ ಆಕ್ಸಲ್ ತೂಕದ ಮಿತಿ ದಾಟಿದರೆ ಬೈಕನ್ನು ರೈಲಿನಲ್ಲಿ ಪಾರ್ಸೆಲ್ ಕಳಿಸಿ. ಪೆಟ್ರೋಲ್ ಮಾತ್ರ ಪೂರ್ತಿ ಖಾಲಿ ಮಾಡಿ.