ಉಬ್ಬಿತಾ, ಇಲ್ವಾ?

ರೆಸಿಪಿ ಬರೆಯುವವರ ಮೇಲೆ ನನಗೊಂದು ಹಳೆಯ ಸಿಟ್ಟಿದೆ. ನಿನ್ನೆ ಅದು ಮತ್ತೆ ಹೊತ್ತಿಕೊಂಡಿತು. ಯೀಸ್ಟ್ ಎಷ್ಟು ಅಂತ ಗ್ರಾಂ ಲೆಕ್ಕದಲ್ಲಿ ಬರೆಯುತ್ತಾರೆ. ಉಪ್ಪೂ ಅಷ್ಟೇ, ಚಮಚ ಹಿಡಿದು ಅಳೆದಿರುತ್ತಾರೆ. ಹಿಟ್ಟಿನ ಹತ್ತಿರ ಬಂದ ಕೂಡಲೇ ‘ನಾಲ್ಕು ಕಪ್, ಅಥವಾ ಬೇಕಾದಷ್ಟು’. ಯಾರಿಗೆ ಬೇಕಾದಷ್ಟು? ನನಗಾ, ಬ್ರೆಡ್ಡಿಗಾ?

ಸಿಹಿಗುಂಬಳ ಹಾಕಿ ಬ್ರೆಡ್ ಮಾಡಿದವರಿಗೆ ಉತ್ತರ ಗೊತ್ತು. ಕುಂಬಳಕಾಯಿಗೆ! ಹೆಚ್ಚುವಾಗ ಚಾಕು ಸಿಕ್ಕಿಕೊಂಡು ಹಿಂದೆಯೂ ಬರುವುದಿಲ್ಲ, ಮುಂದೆಯೂ ಹೋಗುವುದಿಲ್ಲ. ಅಷ್ಟು ಗಟ್ಟಿ. ಆದರೆ ಒಳಗಿರುವುದು ನೂರಕ್ಕೆ ಸುಮಾರು ತೊಂಬತ್ತರಷ್ಟು ನೀರು. ಅದರಲ್ಲೂ ಒಂದು ಕಾಯಿ ಇದ್ದಂತೆ ಇನ್ನೊಂದಿಲ್ಲ. ನೀರಲ್ಲಿ ಬೇಯಿಸಿದರಂತೂ ಮುಗಿಯಿತು. ಅದಕ್ಕೇ ನಾನು ಹೋಳುಗಳನ್ನು ಓವನ್ನಿನಲ್ಲಿ ಸುಟ್ಟು, ತಿರುಳನ್ನು ನುಣ್ಣಗೆ ಮಾಡಿ, ಬಟ್ಟೆಯಲ್ಲಿ ಕಟ್ಟಿ ಸ್ವಲ್ಪ ಹೊತ್ತು ನೀರು ಇಳಿಯಲು ಬಿಡುತ್ತೇನೆ. ಆಗಲೂ ಅದು ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ. ಕಲಸುವಾಗ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ನಾದುತ್ತಾ ಹೋದಂತೆ ಎಲ್ಲಿಂದಲೋ ನೀರು ಹೊರಡುತ್ತದೆ. ಐದೂ ಬೆರಳಿಗೆ ಹಿಟ್ಟು, ಬೆರಳ ಸಂದಿಗೂ ಹಿಟ್ಟು, ಉಂಗುರದ ಕೆಳಗೂ ಹಿಟ್ಟು. ಇನ್ನಷ್ಟು ಹಿಟ್ಟು ಉದುರಿಸೋಣ ಅಂದರೆ ಡಬ್ಬಿಯ ಮುಚ್ಚಳ ತೆಗೆಯಲು ಕೈಯಿಲ್ಲ. ಜಾಸ್ತಿ ಉದುರಿಸಿದರೆ ಬ್ರೆಡ್ ಬಿರುಸಾಗುತ್ತದೆ. ಸುಮ್ನೆ ಅಂಟಿಸಿಕೊಂಡೇ ನಾದಬೇಕು. ಹತ್ತು ಹನ್ನೆರಡು ನಿಮಿಷಕ್ಕೆ ಹಿಟ್ಟು ತಾನಾಗಿಯೇ ಕೈ ಬಿಡುತ್ತದೆ, ಒಂದು ಚೂರನ್ನು ಎಳೆದರೆ ಹರಿಯದೆ ತೆಳ್ಳಗೆ ಪರದೆಯಂತಾಗುತ್ತದೆ. ಆ ಗಳಿಗೆಯ ಖುಷಿಯೇ ಬೇರೆ ಬಿಡಿ.

ಇಷ್ಟಾದರೂ ಕುಂಬಳಕಾಯಿಯನ್ನು ಕ್ಷಮಿಸಬಹುದು. ನಮ್ಮನೆಯವರನ್ನು ಕ್ಷಮಿಸುವುದು ಕಷ್ಟ.

ಇವರಿಗೆ ಹಿಟ್ಟು ಉಬ್ಬುವುದನ್ನು ನೋಡುವ ಚಟ. ಎಲ್ಲೋ ‘ಬೆರಳು ಪರೀಕ್ಷೆ’ಯ ಬಗ್ಗೆ ಓದಿಬಿಟ್ಟಿದ್ದಾರೆ. ಉಬ್ಬಿದ ಹಿಟ್ಟಿಗೆ ಬೆರಳು ಒತ್ತಿ ತೆಗೆಯಬೇಕು. ಗುಳಿ ತಟ್ಟನೆ ಮುಚ್ಚಿಕೊಂಡರೆ ಇನ್ನೂ ಸಮಯ ಬೇಕು. ನಿಧಾನಕ್ಕೆ ಅರ್ಧ ಮುಚ್ಚಿಕೊಂಡರೆ ಓವನ್ನಿಗೆ ಹೊರಡಲು ತಯಾರು. ಹಾಗೇ ಉಳಿದರೆ ಹೊತ್ತು ಮೀರಿದೆ ಅಂತ ಅರ್ಥ. ಪರೀಕ್ಷೆಯಲ್ಲಿ ತಪ್ಪಿಲ್ಲ, ನಾನೂ ಮಾಡುತ್ತೇನೆ. ಕೊನೆಯಲ್ಲಿ, ಒಂದು ಸಲ. ಇವರು ಬಟ್ಟೆ ಮುಚ್ಚಿಟ್ಟ ಹತ್ತು ನಿಮಿಷಕ್ಕೇ ಶುರು ಮಾಡುತ್ತಾರೆ. ರೌಂಡ್ಸಿಗೆ ಬಂದ ಡಾಕ್ಟರ್ ಥರ ಬರುವುದು, ಬಟ್ಟೆ ಎತ್ತುವುದು, ಬೆರಳಿಡುವುದು, ‘ಇಲ್ಲ ಕಣೇ, ಏನೂ ಬದಲಾವಣೆ ಇಲ್ಲ’ ಅಂತ ಹೇಳಿ ಹೋಗುವುದು. ಕೈ ತೊಳೆದುಕೊಂಡೇ ಬರುತ್ತಾರೆ, ಅದನ್ನು ಒಪ್ಪಿಕೊಳ್ಳಬೇಕು. ಒರೆಸಿಕೊಂಡು ಬರುವುದಿಲ್ಲ. ಒದ್ದೆ ಬೆರಳಿಗೆ ಹಿಟ್ಟು ಅಂಟಿ ಒಂದಿಷ್ಟು ಜೊತೆಗೇ ಎದ್ದು ಬರುತ್ತದೆ. ಅದನ್ನು ಮುಚ್ಚಿದ ಬಟ್ಟೆಯ ಅಂಚಿಗೇ ಒರೆಸಿಡುತ್ತಾರೆ.

‘ರೀ, ಅದು ಜೀವ ಇರೋ ವಸ್ತು. ಸ್ವಲ್ಪ ಬಿಡ್ರೀ ಅದನ್ನ’ ಅಂದೆ.

‘ಜೀವ ಇದೆ ಅಂತಾನೇ ನೋಡ್ತಿರೋದು. ಇಲ್ಲದಿದ್ರೆ ಯಾಕೆ ನೋಡ್ಲಿ?’

ಸಕ್ಕರೆ ಹುದುಗಿ ಮದ್ಯವಾಗುವುದು ಜೀವಂತ ಯೀಸ್ಟಿನ ಕೆಲಸ ಅಂತ ಲೂಯಿ ಪಾಶ್ಚರ್ 1850ರ ದಶಕದಲ್ಲೇ ಹೇಳಿದ್ದ, ಗೊತ್ತಾ ಅಂತ ಬೇರೆ ಕೇಳಿದರು. ಗೊತ್ತು. ಅವನು ಮೈಕ್ರೋಸ್ಕೋಪಿನಲ್ಲಿ ನೋಡಿದ್ದ. ಬೆರಳಿಟ್ಟು ನೋಡಿದ್ದ ಅಂತ ನಾನೆಲ್ಲೂ ಓದಿಲ್ಲ.

ಇವರ ಕಣ್ಣಿಗೆ ಬೀಳಬಾರದು ಅಂತ ಪಾತ್ರೆಯನ್ನು ಆರಿಸಿದ ಓವನ್ನಿನೊಳಗೆ ಇಟ್ಟು, ಒಳಗಿನ ದೀಪ ಮಾತ್ರ ಹಾಕಿದೆ. ಆ ದೀಪದ ಬಿಸಿಗೇ ಹಿಟ್ಟು ಚೆನ್ನಾಗಿ ಉಬ್ಬುತ್ತದೆ. ಬಾಗಿಲು ಹಾಕಿದೆನಲ್ಲ, ಇನ್ನು ನೆಮ್ಮದಿ ಅಂದುಕೊಂಡು ಬಟ್ಟೆ ಒಣಹಾಕಲು ಹೋದೆ. ವಾಪಸ್ ಬರುವಷ್ಟರಲ್ಲಿ ಅಡುಗೆಮನೆಯಿಂದ ಇಸ್ತ್ರಿ ಪೆಟ್ಟಿಗೆಯ ಕೆಳಗೆ ಸಿಕ್ಕಿ ಕಮರಿದ ಬಟ್ಟೆಯ ವಾಸನೆ. ರೆಸಿಪಿಯಲ್ಲಿ ‘ಓವನ್ ಮೊದಲೇ 190 ಡಿಗ್ರಿಗೆ ಕಾಯಿಸಿ’ ಅಂತ ಇತ್ತಂತೆ. ನನಗೆ ಸಹಾಯವಾಗಲಿ ಅಂತ ಸ್ವಿಚ್ ಒತ್ತಿದರಂತೆ. ಒಳಗೆ ಏನಿದೆ ಅಂತ ಬಾಗಿಲು ತೆಗೆದು ನೋಡಲಿಲ್ಲವಂತೆ. ಬೆಳಗಿನಿಂದ ಆ ಹಿಟ್ಟನ್ನು ಬಿಟ್ಟು ಬೇರೇನನ್ನೂ ನೋಡದ ಮನುಷ್ಯ, ನೋಡಲೇಬೇಕಾದಾಗ ನೋಡಲಿಲ್ಲ!

ಪಾತ್ರೆ ಹೊರಗೆಳೆದೆ. ಯೀಸ್ಟ್ 60 ಡಿಗ್ರಿ ಮುಟ್ಟುವುದರೊಳಗೆ ಸಾಯುತ್ತದೆ. ಆದರೆ ಅಷ್ಟು ದೊಡ್ಡ ಉಂಡೆಯ ಒಳಗೆ ಬಿಸಿ ಇಳಿಯಲು ಸಮಯ ಬೇಕಲ್ಲ, ಅದೇ ಉಳಿಸಿತು. ಮೇಲೆ ಚರ್ಮದಂಥ ಒಣ ಪದರ, ಒಂದು ಅಂಚು ಗಟ್ಟಿ. ಅದನ್ನು ಕಿತ್ತು ಬಿಸಾಕಿ ಉಳಿದದ್ದನ್ನು ಮುಚ್ಚಿಟ್ಟೆ. ಆ ಹಾಳು ಹಿಟ್ಟು ಮಾಡಿದ್ದೇನು ಗೊತ್ತಾ? ಸಿಕ್ಕಿದ ಬಿಸಿಗೆ ಚುರುಕಾಗಿ, ನೋಡನೋಡುತ್ತಿದ್ದಂತೆ ಎರಡರಷ್ಟಾಯಿತು. ಇವರ ಮುಖ ನೋಡಬೇಕಿತ್ತು.

‘ನೋಡಿದ್ಯಾ? ನಾನು ಓವನ್ ಹಾಕಿದ್ದಕ್ಕೇ ಉಬ್ಬಿದ್ದು.’

ಏನೂ ಹೇಳಲಿಲ್ಲ. ಹಿಟ್ಟಿನ ಗಾಳಿ ತೆಗೆಯಲು ಒಂದು ಗುದ್ದು ಹಾಕಬೇಕಿತ್ತು. ಹಾಕಿದೆ. ಸಮಾಧಾನವಾಗಿ ಇನ್ನೊಂದು ಹಾಕಿದೆ.

ಬೇಯಿಸುವ ಕತೆ ದೊಡ್ಡದೇನಲ್ಲ. ಕುಂಬಳದಲ್ಲಿ ಸಕ್ಕರೆಯ ಅಂಶ ಇರುವುದರಿಂದ ಮೇಲೆ ಬೇಗ ಕೆಂಪಾಗುತ್ತದೆ, ಒಳಗೆ ಇನ್ನೂ ಹಸಿ. ಅರ್ಧದಲ್ಲಿ ಫಾಯಿಲ್ ಹೊದಿಸಬೇಕು. ಹೊರಗೆ ತೆಗೆದ ಮೇಲೆ ಒಂದು ಗಂಟೆಯಾದರೂ ಆರಲು ಬಿಡಬೇಕು, ಇಲ್ಲದಿದ್ದರೆ ಒಳಗಿನ ತಿರುಳು ಚಾಕುವಿಗೆ ಮೆತ್ತಿಕೊಳ್ಳುತ್ತದೆ. ಇದನ್ನು ಹೇಳುತ್ತಿರುವಾಗಲೇ ಇವರು ಕತ್ತರಿಸಿಯಾಗಿತ್ತು. ಚಾಕುವಿಗೆ ಮೆತ್ತಿಕೊಂಡಿತು. ‘ಬೆಂದಿಲ್ಲ ಅನ್ಸುತ್ತೆ, ನಾನು ಬೆರಳಿಟ್ಟಾಗಲೇ ಅಂದ್ಕೊಂಡೆ’ ಅಂದರು.

ಬಣ್ಣ ಮಾತ್ರ ಚಿನ್ನ. ಮೆತ್ತಗೂ ಇತ್ತು. ಕುಂಬಳಕಾಯಿಯ ರುಚಿ ಎಲ್ಲಿದೆ ಅಂತ ಕೇಳಬೇಡಿ, ಇಲ್ಲ. ಅಷ್ಟು ಹೆಚ್ಚಿ, ಸುಟ್ಟು, ಹಿಂಡಿದ್ದು ಬಣ್ಣಕ್ಕೆ ಮತ್ತು ಮೆತ್ತಗಿರುವುದಕ್ಕೆ. ಮಗಳು ಮನೆಯಲ್ಲಿದ್ದಾಗ ತುದಿಯ ಗರಿಗರಿ ಹೋಳು ಅವಳಿಗೇ ಆಗಬೇಕು. ಇನ್ನೊಂದು ತುದಿಯೂ ಅವಳಿಗೇ. ಈಗ ನಾವಿಬ್ಬರೂ ನಡುವಿನ ಹೋಳು ತಿನ್ನುವವರು. ಎರಡೂ ತುದಿ ತಟ್ಟೆಯಲ್ಲೇ ಉಳಿದವು.

ಸಂಜೆ ಅವಳದೇ ಫೋನ್. ಇವರೇ ಎತ್ತಿದರು. ‘ಬ್ರೆಡ್ ಮಾಡಿದ್ವಿ ಕಣಮ್ಮಾ. ಅಮ್ಮ ಹಿಟ್ಟು ಕಲಸಿಕೊಟ್ಲು ಅಷ್ಟೇ, ಮಿಕ್ಕಿದ್ದೆಲ್ಲ ನಾನೇ ನೋಡ್ಕೊಂಡೆ.’

ನಾನು ಸಿಂಕಿನ ಮುಂದೆ ನಿಂತಿದ್ದೆ. ಒಣಗಿದ ಹಿಟ್ಟಿನ ಪಾತ್ರೆಗೆ ತಣ್ಣೀರೇ ಆಗಬೇಕು, ಬಿಸಿನೀರು ಬಿದ್ದರೆ ಇನ್ನಷ್ಟು ಅಂಟುತ್ತದೆ. ಉಗುರಿನಲ್ಲಿ ಕೆರೆದು ಕೆರೆದು ತೆಗೆಯಬೇಕು. ಅದನ್ನು ನೋಡಿಕೊಳ್ಳಲು ಯಾರೂ ಬರಲಿಲ್ಲ.