ಕೆಂಪು ಸುತ್ತು ಹಾಕಿದರೆ ಆಯ್ತಾ?

ನಿನ್ನೆ ರಾತ್ರಿ ಟೀವಿಯಲ್ಲಿ ಒಬ್ಬ ಆಂಕರ್ ಮಹಾಶಯರು ಉಪಗ್ರಹ ಚಿತ್ರವೊಂದಕ್ಕೆ ಕೆಂಪು ಸುತ್ತು ಹಾಕಿ, 'ನೋಡಿ, ಇಲ್ಲೇ ಇದೆ ಸಾಕ್ಷಿ' ಅಂತ ಕಿರುಚುತ್ತಿದ್ದರು. ಸುತ್ತಿನೊಳಗೆ ಇದ್ದದ್ದು ಒಂದು ಬೂದು ಚೌಕ. ಕ್ಷಿಪಣಿ ಗೋದಾಮೂ ಇರಬಹುದು, ಕೋಳಿ ಫಾರಮ್ಮೂ ಇರಬಹುದು. ನಾನು ಅರ್ಧ ಆಯಸ್ಸು ಎರಡು ಚಿತ್ರ ಜೋಡಿಸಿ ಉಬ್ಬುತಗ್ಗು ತೋರಿಸುವ ಸ್ಟೀರಿಯೋಸ್ಕೋಪಿನ ಮೇಲೆ ಬಗ್ಗಿಕೊಂಡು ವೈಮಾನಿಕ ಚಿತ್ರಗಳಲ್ಲಿ ಬಂಡೆ, ಹಳ್ಳ ಹುಡುಕಿದವಳು ಅಂತ ನಿಮಗೆಲ್ಲ ಗೊತ್ತೇ ಇದೆ. ಇಂಥದ್ದು ಕಂಡರೆ ಮೈ ಉರಿಯುತ್ತದೆ. ಫೋಟೋ ತಾನಾಗಿ ಏನೂ ಹೇಳುವುದಿಲ್ಲ ಕಣ್ರೀ. ಅದನ್ನು ಓದಬೇಕು. ನೆರಳು ನಮ್ಮ ಕಡೆಗೆ ಬೀಳುವ ಹಾಗೆ ಇಟ್ಟುಕೊಳ್ಳದಿದ್ದರೆ ಗುಡ್ಡವೇ ಹೊಂಡವಾಗಿ ಕಾಣುತ್ತದೆ. ಇದು ಮೊದಲ ವಾರದ ಪಾಠ.

ಎರಡನೇ ಮಹಾಯುದ್ಧದ ಒಂದು ಕಥೆ ಹೇಳುತ್ತೇನೆ. ಬ್ರಿಟಿಷ್ ವಾಯುಪಡೆಯ ಮಾರಿಸ್ ಲಾಂಗ್‌ಬಾಟಮ್ ಎಂಬ ಅಧಿಕಾರಿ 1939ರಲ್ಲಿ ಒಂದು ಟಿಪ್ಪಣಿ ಬರೆದ. ಫೋಟೋ ತೆಗೆಯುವ ವಿಮಾನಕ್ಕೆ ಬಂದೂಕು ಬೇಡ, ಭಾರ ಇಳಿಸಿ, ಇಂಧನ ಜಾಸ್ತಿ ತುಂಬಿ, ಎತ್ತರದಲ್ಲಿ ವೇಗವಾಗಿ ಹೋಗಿ ಬನ್ನಿ ಅಂತ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಹಟಮಾರಿ ಅದನ್ನು ಸ್ಪಿಟ್‌ಫೈರ್‌ಗಳಲ್ಲಿ ಮಾಡಿ ತೋರಿಸಿದ. ಮೇಲಿನವರ ಜೊತೆ ಜಗಳವಾಡಿಕೊಂಡು 1940ರಲ್ಲಿ ಕೆಲಸವನ್ನೂ ಕಳೆದುಕೊಂಡ. ಅವನು ಕಟ್ಟಿದ ಘಟಕ ಬೆಳೆದು, 1942ರ ಅಕ್ಟೋಬರ್‌ನಲ್ಲಿ ಐದು ಸ್ಕ್ವಾಡ್ರನ್‌ಗಳಾಗಿ, ಅಂದರೆ ವಿಮಾನ ತುಕಡಿಗಳಾಗಿ, ಒಡೆಯಿತು. ಅದರಲ್ಲಿ ಮರದ ಮೈಯ ಮಸ್ಕೀಟೋ ವಿಮಾನಗಳ 540ನೇ ಸ್ಕ್ವಾಡ್ರನ್ ಒಂದು. ಪೈಲಟ್, ನ್ಯಾವಿಗೇಟರ್, ಕ್ಯಾಮರಾ, ಅಷ್ಟೇ. ಶತ್ರು ಬೆನ್ನು ಹತ್ತಿದರೆ ಓಡುವುದೊಂದೇ ದಾರಿ.

ಅವರ ಧೈರ್ಯಕ್ಕೆ ಕೈಮುಗಿಯುತ್ತೇನೆ. ಆದರೆ ಕಥೆ ಅಲ್ಲಿಗೇ ಮುಗಿಯಿತು ಅಂದುಕೊಳ್ಳುತ್ತಾರಲ್ಲ, ಅದೇ ನನ್ನ ತಕರಾರು.

1942ರ ಮೇ 15ರಂದು ಸ್ಟೀವೆಂಟನ್ ಎಂಬ ಪೈಲಟ್ ಬೇರೆ ಕೆಲಸಕ್ಕೆ ಹೋಗುತ್ತಾ, ಜರ್ಮನಿಯ ಬಾಲ್ಟಿಕ್ ತೀರದ ಪೀನೆಮುಂಡೆ ಎಂಬಲ್ಲಿ ವಿಮಾನ ನಿಲ್ದಾಣ ಕಂಡು ಕ್ಯಾಮರಾ ಒತ್ತಿದ. ಫೋಟೋದಲ್ಲಿ ದೊಡ್ಡ ದುಂಡನೆಯ ಮಣ್ಣಿನ ಏರಿಗಳಿದ್ದವು. ಹಿಟ್ಲರನ ರಾಕೆಟ್ ಪರೀಕ್ಷೆಯ ಜಾಗ ಅದು! ಥೇಮ್ಸ್ ನದಿ ಪಕ್ಕದ ಮೆಡ್ಮೆನ್‌ಹ್ಯಾಮ್ ಬಂಗಲೆಯಲ್ಲಿ ಕೂತು ಚಿತ್ರ ಓದುತ್ತಿದ್ದವರಿಗೆ ಅದು ಏನೆಂದು ತಿಳಿಯಲಿಲ್ಲ. ಫೈಲಿಗೆ ಹೋಯಿತು. ಮುಂದಿನ ವರ್ಷ ಸೆರೆಸಿಕ್ಕ ಜರ್ಮನ್ ಜನರಲ್‌ಗಳ ಮಾತನ್ನು ಕದ್ದು ಕೇಳಿ ರಾಕೆಟ್ಟಿನ ಸುಳಿವು ಸಿಕ್ಕ ಮೇಲೆಯೇ ಆ ಏರಿಗಳಿಗೆ ಅರ್ಥ ಬಂದದ್ದು. 540ರವರು ಮತ್ತೆ ಮತ್ತೆ ಹೋಗಿ ಫೋಟೋ ತಂದರು. ಜೂನ್ ತಿಂಗಳ ಚಿತ್ರಗಳಲ್ಲಿ ರಾಕೆಟ್ ಮಲಗಿರುವುದು ಕಂಡಿತು. ಆಗಲೂ ಚರ್ಚಿಲ್ಲರ ಸಲಹೆಗಾರ ಲಾರ್ಡ್ ಚೆರ್ವೆಲ್, ಇದೆಲ್ಲ ನಮ್ಮನ್ನು ಯಾಮಾರಿಸಲು ಇಟ್ಟ ಡಮ್ಮಿ ಅಂದರು. ದೊಡ್ಡವರು ಎಲ್ಲ ಕಾಲದಲ್ಲೂ ದೊಡ್ಡವರೇ.

ಮೆಡ್ಮೆನ್‌ಹ್ಯಾಮ್‌ನಲ್ಲಿ ಚಿತ್ರ ಓದುವವರ ಪೈಕಿ ಕಾನ್‌ಸ್ಟನ್ಸ್ ಬ್ಯಾಬಿಂಗ್ಟನ್ ಸ್ಮಿತ್ ಎಂಬ ಹೆಣ್ಣುಮಗಳಿದ್ದಳು. ಯುದ್ಧಕ್ಕೆ ಮೊದಲು ವಿಮಾನಗಳ ಬಗ್ಗೆ ಪತ್ರಿಕೆಗೆ ಬರೆಯುತ್ತಿದ್ದವಳು. ತೀರಾ ಚಿಕ್ಕ ವಿಮಾನವೇನಾದರೂ ಇದೆಯಾ ಹುಡುಕು ಅಂತ ಹೇಳಿದಾಗ ಹಳೆಯ ಪ್ರಿಂಟುಗಳನ್ನೇ ಮತ್ತೆ ತೆಗೆದಳು. ಸುಮಾರು 20 ಅಡಿ ರೆಕ್ಕೆಯದೊಂದು ಸಿಕ್ಕಿತು. ಪ್ರಿಂಟಿನಲ್ಲಿ ಅದು ಸಾಸಿವೆ ಕಾಳಿನಷ್ಟು. ಸುಮ್ಮನಾಗದೆ ಸಮುದ್ರದ ದಂಡೆಗುಂಟ ನೋಡುತ್ತಾ ಹೋದಳು. ಇಳಿಜಾರಾಗಿ ನಿಲ್ಲಿಸಿದ ಹಳಿಗಳಂಥವು ಕಂಡವು. ಅದು ಹೂಳೆತ್ತುವ ಸಾಮಾನು, ಬಿಡು ಅಂತ ಮೊದಲು ನೋಡಿದವರು ಹೇಳಿದ್ದರಂತೆ. ಇವಳು ಬಿಡಲಿಲ್ಲ. 1943ರ ನವೆಂಬರ್ 28ರಂದು 540ರ ಜಾನ್ ಮೆರಿಫೀಲ್ಡ್ ಬರ್ಲಿನ್ ಮೇಲೆ ಮೋಡ ಇದೆ ಅಂತ ಪೀನೆಮುಂಡೆ ಕಡೆ ತಿರುಗಿ ತಂದ ಚಿತ್ರದಲ್ಲಿ, ಅದೇ ಹಳಿಯ ಮೇಲೆ ಅದೇ ಪುಟ್ಟ ವಿಮಾನ ಕೂತಿತ್ತು. ಮುಂದೆ ಲಂಡನ್ ಮೇಲೆ ಬಿದ್ದ ವಿ-1, ಪೈಲಟ್ ಇಲ್ಲದ ಹಾರುವ ಬಾಂಬ್ ಅದು. ನಿಜ ಹೇಳಲಾ? ಅವಳನ್ನು ನೆನೆದರೆ ನನಗೆ ಶುದ್ಧ ಹೊಟ್ಟೆಕಿಚ್ಚು.

'ಮೇಡಂ, ಈಗ ಎಲ್ಲ ಎಐ ಗುರುತಿಸುತ್ತದೆ' ಅಂತ ಕಾಮೆಂಟಿಗೆ ಬರುವವರು ಇದ್ದೇ ಇರುತ್ತೀರಿ. ಗುರುತಿಸಲಿ ಬಿಡಿ, ಲಾರಿ ಎಣಿಸು ಅಂದರೆ ನಮಗಿಂತ ಬೇಗ ಎಣಿಸುತ್ತದೆ. ಆದರೆ ಏನನ್ನು ಹುಡುಕಬೇಕು ಅಂತ ಅದಕ್ಕೆ ಹೇಳುವವರು ಯಾರು?

1944ರ ಏಪ್ರಿಲ್ 4ರಂದು ದಕ್ಷಿಣ ಆಫ್ರಿಕಾದ 60ನೇ ಸ್ಕ್ವಾಡ್ರನ್ನಿನ ಮಸ್ಕೀಟೋ ಇಟಲಿಯಿಂದ ಹಾರಿ ಪೋಲೆಂಡಿನಲ್ಲಿ ಐ.ಜಿ. ಫಾರ್ಬೆನ್ ಎಂಬ ಜರ್ಮನ್ ರಾಸಾಯನಿಕ ಕಂಪನಿಯ ಕಾರ್ಖಾನೆಯ ಫೋಟೋ ತೆಗೆಯಿತು. ಆ ಫಿಲ್ಮಿನಲ್ಲಿ ನಾಜಿಗಳು ಯಹೂದಿಗಳನ್ನು ಸಾಮೂಹಿಕವಾಗಿ ಕೊಲ್ಲುತ್ತಿದ್ದ ಆಶ್ವಿಟ್ಜ್ ಶಿಬಿರವೂ ಬಂತು. ಆಗಸ್ಟ್ ಹೊತ್ತಿಗೆ ಅದರದೇ ಭಾಗವಾದ ಪಕ್ಕದ ಬಿರ್ಕೆನೌ ಶಿಬಿರ ಕೂಡ ಬಂತು. ಕಾರ್ಖಾನೆಯ ವರದಿ ಚೆನ್ನಾಗಿಯೇ ತಯಾರಾಯಿತು. ಶಿಬಿರದಲ್ಲಿ ನಡೆಯುತ್ತಿದ್ದದ್ದರ ಬಗ್ಗೆ ಯಾರೂ ಬರೆಯಲಿಲ್ಲ. 1979ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಡಿನೋ ಬ್ರುಜಿಯೋನಿ, ರಾಬರ್ಟ್ ಪೊಯಿರಿಯರ್ ಎಂಬ ಇಬ್ಬರು ಅದೇ ಹಳೆಯ ಫಿಲ್ಮ್‌ಗಳಲ್ಲಿ ವಿಷಾನಿಲದ ಕೊಠಡಿಗಳನ್ನೂ ಅತ್ತ ಹೊರಟ ಜನರ ಸಾಲನ್ನೂ ತೋರಿಸಿದರು. ಅವರ ಉಪಕರಣ ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ಅಲ್ಲಿ ಏನಾಯಿತು ಅಂತ ಅವರಿಗೆ ಮೊದಲೇ ಗೊತ್ತಿತ್ತು. 1944ರಲ್ಲಿ ಸಾವಿರಗಟ್ಟಲೆ ಪ್ರಿಂಟುಗಳ ಮಧ್ಯೆ ಕೂತಿದ್ದವರಿಗೆ ಹೇಳಿದ್ದು ಕಾರ್ಖಾನೆ ನೋಡಿ ಅಂತ. ಆ ಮಕ್ಕಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಹಾಗೆ ಹೇಳಿ ಕಳಿಸಿದವರನ್ನು ಮಾತ್ರ ಈಗಲೂ ಬೈಯುತ್ತೇನೆ.