ಮಿಲ್ ಹಾಗೆ ಹೇಳಿಲ್ಲ

‘ಸಾಯಲು ಹೊರಟವರನ್ನು ಯಾವತ್ತೂ ತಡೆಯಬಾರದು, ಅದು ಅವರ ಸ್ವಾತಂತ್ರ್ಯ ಅಂತ ಇಂಗ್ಲಿಷ್ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಹೇಳಿದ್ದಾರೆ’ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಬೇರೆಯವರಿಗೆ ಹಾನಿಯಾಗದಿದ್ದರೆ ಯಾರ ಮೇಲೂ ಬಲವಂತ ಬೇಡ ಎಂದು ಅವರು 1859ರ ‘ಆನ್ ಲಿಬರ್ಟಿ’ ಪುಸ್ತಕದಲ್ಲಿ ಬರೆದದ್ದು ನಿಜ. ಆದರೆ ಅದೇ ಪುಸ್ತಕದಲ್ಲಿ ಒಂದು ಸೇತುವೆಯ ಉದಾಹರಣೆ ಇದೆ. ಸೇತುವೆ ಕುಸಿಯುವಂತಿದೆ, ಗೊತ್ತಿಲ್ಲದೆ ಒಬ್ಬ ದಾಟಲು ಹೊರಟಿದ್ದಾನೆ, ಎಚ್ಚರಿಸಲು ಹೊತ್ತಿಲ್ಲ. ಹಿಡಿದು ಎಳೆಯಿರಿ, ಅವನಿಗೆ ನದಿಗೆ ಬೀಳುವ ಆಸೆಯಿಲ್ಲ ಎನ್ನುತ್ತಾರೆ ಮಿಲ್. ಹಾನಿ ಖಚಿತವಲ್ಲದೆ ಬರೀ ಅಪಾಯವಿದ್ದರೆ, ಅದು ಗೊತ್ತಿದ್ದೂ ಹೋಗುವವರಿಗೆ ಎಚ್ಚರಿಕೆ ಸಾಕಂತೆ. ಆದರೆ ಮಕ್ಕಳು, ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರು, ಯೋಚಿಸಲಾಗದಷ್ಟು ಉದ್ವೇಗದಲ್ಲಿರುವವರು ಇದಕ್ಕೆ ಹೊರತು.

ಈ ಕೊನೆಯ ಮಾತನ್ನೇ ಸುಮ್ನೆ ಬಿಟ್ಟುಬಿಡುತ್ತಾರೆ, ಅದೇ ಬೇಸರ. ಸಾಯಬೇಕೆಂಬ ತೀವ್ರ ತುಡಿತ ಅನೇಕರಲ್ಲಿ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಪ್ರಯತ್ನಿಸಿ ಬದುಕುಳಿದವರಲ್ಲಿ ಬಹುಪಾಲು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಸಾಯಬೇಕು ಎನ್ನುವವರನ್ನು ಒಂಟಿಯಾಗಿ ಬಿಡಬೇಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.